ಕಣ್ಣಿಲ್ಲದ ಗೆಡ್ಡೆ

ನಮ್ಮ ಮನೆಗೆ ನೆಲವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೂ ಬೆಳೆಸುತ್ತೇನೆ ಎಂದ ತಕ್ಷಣ ಜನ ದೊಡ್ಡ ಅಂಗಳ, ತೋಟ ಎಂದೆಲ್ಲ ಕಲ್ಪಿಸಿಕೊಂಡು, ಮನೆಗೆ ಬಂದಮೇಲೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಬಣಕಲ್‌ನ ಹೆದ್ದಾರಿ ಪಕ್ಕದ ತಾರಸಿ ಮನೆ ನಮ್ಮದು. ಮುಂದೆ ಸಿಮೆಂಟು, ಹಿಂದೆ ಸಿಮೆಂಟು. ಪಕ್ಕದಲ್ಲಿ ಒಂದು ಚಾಪೆ ಹಾಸುವಷ್ಟು ಮಣ್ಣಿದೆ, ಅದರಲ್ಲೂ ಅರ್ಧ ಸಂಪಿನ ಮುಚ್ಚಳ. ನನ್ನ ಗಂಡನಿಗೆ ಮೂಡಿಗೆರೆಯಲ್ಲಿ ಪೈಪು, ಮೋಟಾರು, ಔಷಧಿ ಹೊಡೆಯುವ ಪಂಪುಗಳ ಅಂಗಡಿ. ಸುತ್ತಲಿನ ತೋಟದವರಿಗೆಲ್ಲ ಸಾಮಾನು ಕೊಡುತ್ತೇವೆ, ನಮಗೆ ಮಾತ್ರ ಒಂದು ಕಾಫಿ ಗಿಡವೂ ಇಲ್ಲ.

ಹಾಗಾಗಿ ನನ್ನ ಹೂಗಳೆಲ್ಲ ಬಕೆಟಿನಲ್ಲಿ. ಪೇಂಟಿನ ಬಕೆಟು, ಅರ್ಧ ಕೊಯ್ದ ಡ್ರಮ್ಮು, ಸೀಳು ಬಿಟ್ಟ ವಾಶ್‌ಬೇಸಿನ್ನು, ಗೊಬ್ಬರದ ಚೀಲ, ಹಿಡಿ ಕಿತ್ತುಹೋದ ಕುಕ್ಕರು. ಕಬ್ಬಿಣದ ಕಡ್ಡಿ ಕಾಯಿಸಿ ತಳದಲ್ಲಿ ತೂತು ಮಾಡಿ, ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಕಾಡುಮಣ್ಣು, ಸೆಗಣಿ ಗೊಬ್ಬರ, ಮರಳು ಸಮಸಮ ಬೆರೆಸಿ ತುಂಬುತ್ತೇನೆ. ಹುಟ್ಟಿದ್ದು ಕಡೂರು ಕಡೆ ಬಯಲಲ್ಲಿ. ಅಲ್ಲಿ ನಮಗೆ ಹೂವೆಂದರೆ ಬುಟ್ಟಿಯಲ್ಲಿ ಬಂದು ಮೊಳದಲ್ಲಿ ಮುಗಿಯುವುದು. ಮದುವೆಯಾಗಿ ಘಟ್ಟಕ್ಕೆ ಬಂದಮೇಲೆ ಮನೆಮನೆಯಲ್ಲೂ ಮಳೆಗಾಲದಲ್ಲಿ ತಟ್ಟೆಯಷ್ಟು ಅಗಲದ ಡೇರೆ ಹೂ, ಅದೇ ಡೇಲಿಯಾ, ನೋಡಿ ನನಗೂ ಹುಚ್ಚು ಹಿಡಿಯಿತು. ಹುಚ್ಚು ಅಂದದ್ದು ನನ್ನ ಗಂಡ. ನಾನು ಒಪ್ಪಿಕೊಂಡೆ.

ಇನ್ನೊಂದು ಕಾರಣವೂ ಇತ್ತು. ಗಂಡ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಹೋದರೆ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಕೆಟ್ಟವರಲ್ಲ. ಆದರೆ ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡಿ ಮನೆ ಮುಟ್ಟುವಾಗ ಅವರ ಮಾತು ತೀರಿಹೋಗಿರುತ್ತಿತ್ತು. "ಸಾರು ಚೆನ್ನಾಗಿದೆ" ಅನ್ನುವಲ್ಲಿಗೆ ನಮ್ಮ ಸಂಸಾರದ ಸಂಭಾಷಣೆ ಮುಗಿಯುತ್ತಿತ್ತು. ಮಗಳು ಮದುವೆಯಾಗಿ ತರೀಕೆರೆಗೆ ಹೋದಮೇಲೆ ಮನೆಯಲ್ಲಿ ಕುಕ್ಕರ್ ಕೂಗಿದರೆ ಯಾರೋ ಬಂದರು ಅನ್ನಿಸುವಷ್ಟು ಮೌನ. ಬಾಗಿಲ ಮುಂದೆ ಇಡೀ ದಿನ ಬಸ್ಸು, ಲಾರಿ, ಪ್ರವಾಸಿಗರ ಕಾರು. ಅಷ್ಟು ಜನ ಹೋಗುತ್ತಾರೆ, ಒಬ್ಬರೂ ನಮ್ಮನೆಗೆ ಬರುವವರಲ್ಲ. ನಾನು ಬಕೆಟುಗಳ ಹತ್ತಿರ ಮಾತಾಡುತ್ತಿದ್ದೆ. ಬೈಯುತ್ತಿದ್ದೆ ಅನ್ನುವುದೇ ಸರಿ.

ಅಂಥದ್ದರಲ್ಲಿ ಅಕ್ಕ ಬಂದರು.

ಹೆದ್ದಾರಿಯ ಆಚೆ ಬದಿಗೆ ರಸ್ತೆಗೆಂದು ಗುಡ್ಡ ಕಡಿದ ಒಂದು ದರೆ, ದರೆಗೆ ಕಡಿದ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಅವರ ಮನೆ, ಹಿಂದೆ ಅವರ ಕಾಫಿ ತೋಟ. ನನಗಿಂತ ಹತ್ತು ವರ್ಷ ದೊಡ್ಡವರು, ಅದಕ್ಕೇ ಅಕ್ಕ. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿಲ್ಲ. ಮನೆಯ ನಡುವೆ ಗೋಡೆ ಎಬ್ಬಿಸಿ ಒಂದು ಭಾಗದಲ್ಲಿ ಮೈದುನ ಮತ್ತು ಓರಗಿತ್ತಿ, ಇನ್ನೊಂದು ಭಾಗದಲ್ಲಿ ಇವರೊಬ್ಬರೇ. ತೋಟ ನೋಡಿಕೊಳ್ಳುವುದು ಮೈದುನನ ಕಡೆಯವರು. ಒಂದು ದಿನ ಬಸ್ಸಿಗೆ ಕಾಯುತ್ತಾ ನಮ್ಮ ಗೇಟಿನ ಹತ್ತಿರ ನಿಂತವರು ನನ್ನ ಕುಕ್ಕರಿನೊಳಗಿನ ಜಿರೇನಿಯಂ ನೋಡಿ, ಪರಿಚಯ ಗಿರಿಚಯ ಏನೂ ಇಲ್ಲದೆ, "ಇದೆಂಥ ಹೂ ಮಾರಾಯ್ತಿ, ಕುಕ್ಕರಲ್ಲಿ ಬೇಯಿಸ್ತಾ ಇದ್ದೀಯ?" ಎಂದು ಕೇಳಿದರು. ನಾನು ನಕ್ಕು ನಕ್ಕು ಸಾಕಾಗಿ, ಒಂದು ಕಡ್ಡಿ ಮುರಿದು ಅವರ ಕೈಗೆ ಹಿಡಿಸಲು ಹೋದೆ. ಅವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು.

"ನಂಗೆ ಬೇಡ. ನನ್ನ ಕೈಲಿ ಏನೂ ಹುಟ್ಟಲ್ಲ."

ಕಥೆ ಆಮೇಲೆ ಗೊತ್ತಾಯಿತು. ಮದುವೆಯಾದ ವರ್ಷ ಅತ್ತೆ ಇವರ ಕೈಯಲ್ಲಿ ಮೆಣಸಿನ ಬಳ್ಳಿ ನೆಡಿಸಿದ್ದರಂತೆ. ಅಷ್ಟೂ ಬಳ್ಳಿ ಒಣಗಿದವು. "ಇವಳ ಕೈಗುಣ ಸರಿಯಿಲ್ಲ" ಅಂದರು ಅತ್ತೆ. ಆಮೇಲೆ ಮಕ್ಕಳೂ ಆಗಲಿಲ್ಲ. ಅಲ್ಲಿಗೆ ಮಾತು ಗಟ್ಟಿಯಾಯಿತು. ತೋಟದ ಮನೆಯ ಸೊಸೆಯಾಗಿ ಮೂವತ್ತು ವರ್ಷ ಬಾಳಿದರೂ ಇವರನ್ನು ಒಂದು ಸಸಿ ಮುಟ್ಟಲು ಬಿಡಲಿಲ್ಲ. ಕಾಫಿ ಬೀಜ ಹಾಕಲು ಮಣ್ಣಿನ ಮಡಿ ಮಾಡುವ ದಿನ ಇವರಿಗೆ ಅಡುಗೆಮನೆಯಲ್ಲಿ ಕೆಲಸ ಹಚ್ಚುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಅವರಿಗೆ ಬೇಜಾರೂ ಇರಲಿಲ್ಲ. ಹಂಗೇ ಅಲ್ವಾ, ಅನ್ನುವಂತೆ ಹೇಳಿದರು. ನನಗೆ ಮೈಯೆಲ್ಲಾ ಉರಿದುಹೋಯಿತು.

"ಅಲ್ಲ ಅಕ್ಕಾ, ಬಳ್ಳಿಗೆ ಸೊರಗು ರೋಗ ಬಂದ್ರೆ ನಿಮ್ಮ ಕೈ ಎಂಥ ಮಾಡುತ್ತೆ? ಅದಕ್ಕೆ ಔಷಧಿ ಹೊಡೀಲಿ ಅಂತಲೇ ನಮ್ಮೆಜಮಾನ್ರು ಪಂಪು ಮಾರ್ತಾರೆ. ಹಿಡೀರಿ ಸುಮ್ಮನೆ!" ಎಂದು ಗದರಿಸಿ ಕಡ್ಡಿಯನ್ನು ಅವರ ಮುಷ್ಟಿಗೆ ತುರುಕಿದೆ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ಆ ಕಡೆಯಿಂದ ಲಾರಿ ಈ ಕಡೆಯಿಂದ ಬಸ್ಸು ಬರುತ್ತಿದ್ದರೂ ನೋಡದೆ, ಸೆರಗು ಸಿಕ್ಕಿಸಿಕೊಂಡು ಹೆದ್ದಾರಿ ದಾಟಿ ಓಡಿಬಂದರು. ಏನು ಅನಾಹುತವೋ ಎಂದು ನಾನು ಬಾಗಿಲಿಗೆ ಬಂದರೆ, ಏದುಸಿರಲ್ಲಿ, "ಎಲೆ ಬಂತು ಮಾರಾಯ್ತಿ! ಎಲೆ ಬಂತು!" ಎಂದರು. ಅವತ್ತು ಅವರ ಮುಖ ಹೇಗಿತ್ತು ಎಂದು ನನಗೆ ಈಗಲೂ ಚೆನ್ನಾಗಿ ನೆನಪಿದೆ.

ಆಮೇಲೆ ನಾಲ್ಕು ವರ್ಷ ನಮ್ಮದು ಒಂದೇ ಸಂಸಾರ. ದಿನಾ ಸಂಜೆ ನಾಲ್ಕಕ್ಕೆ ಅಕ್ಕ ಬರಬೇಕು, ನಮ್ಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯಬೇಕು, ಬಕೆಟುಗಳನ್ನೆಲ್ಲ ಒಂದು ಸುತ್ತು ನೋಡಬೇಕು. ಮಳೆ ಇದ್ದರೆ ಕೊಡೆ ಹಿಡಿದು ಬರುತ್ತಿದ್ದರು. ಒಂದು ದಿನ ತಪ್ಪಿದರೆ ನಾನೇ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ದರೆಯ ಮೇಲೆ ಅವರು ಕಲ್ಲು ಜೋಡಿಸಿ ಪಾತಿ ಮಾಡಿದರು. ಗೌರಿ ಹೂ, ಬಿಗೋನಿಯಾ, ಚೆಂಡು ಹೂ, ನಾನು ಕೊಟ್ಟ ಮಾಮೂಲಿ ಕೆಂಪು ಡೇರೆ. ಎಲೆ ಕೊಳೆತು ಕಪ್ಪಾದ ತೋಟದ ಮಣ್ಣು ಅದು, ಕಡ್ಡಿ ಊರಿದರೂ ಚಿಗುರುತ್ತದೆ. ಎರಡೇ ವರ್ಷಕ್ಕೆ ಆ ದರೆ ನೋಡಲು ಬಸ್ಸಿನವರೂ ನಿಧಾನ ಮಾಡತೊಡಗಿದರು. ಕಾರು ನಿಲ್ಲಿಸಿ ಫೋಟೋ ತೆಗೆಯುವವರು ನಮ್ಮ ಗೇಟಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು. ಕಲಿಸಿದವಳು ನಾನು, ಕಡ್ಡಿ ಕೊಟ್ಟವಳು ನಾನು, ನೋಡುವವರೆಲ್ಲ ಆ ಕಡೆ. ಆದರೂ ಒಳಗೇ ಇಟ್ಟುಕೊಂಡಿದ್ದೆ. ಅಕ್ಕನ ಸಂತೋಷ ನೋಡಿದರೆ ಉರಿ ಅರ್ಧ ಇಳಿಯುತ್ತಿತ್ತು. ಉಳಿದರ್ಧಕ್ಕೆ ಒಂದು ಸೀಮಂತದ ಮನೆಯಲ್ಲಿ ಬೆಂಕಿಕಡ್ಡಿ ಗೀರಿದಂತಾಯಿತು. ಊಟದ ಪಂಕ್ತಿಯಲ್ಲಿ ಯಾರೋ ಅಕ್ಕನ ಹೂವನ್ನು ಹೊಗಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, "ಎಲ್ಲಾ ಇವಳೇ ಕಲ್ಸಿದ್ದು. ಪಾಪ, ಇವಳಿಗೆ ಜಾಗ ಎಲ್ಲಿದೆ? ಬಕೆಟಲ್ಲಿ ಎಂಥ ಬೆಳೆಯೋದು" ಎಂದರು.

ಅವರು ಹೇಳಿದ್ದು ನನ್ನ ಮೇಲಿನ ಪ್ರೀತಿಗೆ. ಈಗ ನನಗೆ ಗೊತ್ತು. ಅವತ್ತು ನನ್ನ ಕಿವಿಗೆ ಬಿದ್ದದ್ದು 'ಪಾಪ' ಒಂದೇ. ಪಂಕ್ತಿಯಲ್ಲಿ ಕೂತ ತೋಟದ ಮನೆಯ ಹೆಂಗಸರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಅಂಗಡಿಯವನ ಹೆಂಡತಿ, ಜಾಗ ಇಲ್ಲದವಳು, ಪಾಪ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನನ್ನ ಹತ್ತಿರ ಯಾರಲ್ಲೂ ಇಲ್ಲದ ಒಂದು ಡೇರೆ ಇತ್ತು. ಕಳಸಕ್ಕೆ ದೇವಸ್ಥಾನಕ್ಕೆ ಹೋದಾಗ ದಾರಿಯ ಒಂದು ಮನೆಯ ಅಂಗಳದಲ್ಲಿ ನೋಡಿ, ನಾಚಿಕೆ ಬಿಟ್ಟು ಒಳಗೆ ಹೋಗಿ ಕೇಳಿದ್ದೆ. ಹಣ್ಣಾದ ನೇರಳೆಯ ಬಣ್ಣ, ಪ್ರತಿ ಎಸಳಿನ ತುದಿಯಲ್ಲೂ ಬಿಳಿ. ಆ ಮನೆಯ ಮುದುಕಿ ಹಿಂದುಮುಂದು ನೋಡದೆ ಗೆಡ್ಡೆ ಅಗೆದು ಪೇಪರಿನಲ್ಲಿ ಸುತ್ತಿ ಕೊಟ್ಟರು. ಈ ಕಡೆ ಹೆಂಗಸರಲ್ಲಿ ಅದೊಂದು ಕಟ್ಟಳೆ. ಯಾರು ಕೇಳಿದರೂ ಗೆಡ್ಡೆ ಇಲ್ಲ ಅನ್ನುವಂತಿಲ್ಲ, ಕಾಸು ಮುಟ್ಟುವಂತಿಲ್ಲ. ಎಷ್ಟು ಜಗಳವಿದ್ದರೂ ಗೇಟಿನ ಹತ್ತಿರ ನಿಂತು ಡೇರೆ ಗೆಡ್ಡೆ ಕೇಳಿದರೆ ಕೊಡಲೇಬೇಕು. ಕೊಡದವಳ ಗಿಡ ಮುಂದಿನ ವರ್ಷ ಏಳುವುದಿಲ್ಲ ಎಂದು ನಂಬಿಕೆ.

ಏಪ್ರಿಲ್‌ನಲ್ಲಿ ಎರಡು ಮಳೆ ಬಿದ್ದಮೇಲೆ ಅಕ್ಕ ಬಂದರು. ಅವತ್ತು ಅವರು ಕೂರಲೇ ಇಲ್ಲ, ನಿಂತೇ ಹೇಳಿದರು.

"ನಮ್ಮ ಓರಗಿತ್ತಿ ಏನಂದ್ಲು ಗೊತ್ತುಂಟಾ? 'ಅಕ್ಕಾ, ನಿಮ್ಮ ಹೂ ನೋಡಿದ್ರೆ ಕೈಗುಣ ಚೆನ್ನಾಗೇ ಇದೆ, ಬರೋ ಸಲ ಕಾಫಿ ಬೀಜ ನೀವೇ ಹಾಕಿ' ಅಂದ್ಲು. ಅವಳ ಬಾಯಲ್ಲಿ! ನಾನು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ ಮಾರಾಯ್ತಿ." ಕಣ್ಣು ಒರೆಸಿಕೊಂಡರು. "ಆದ್ರೂ ಹೆದರಿಕೆ. ಜಿರೇನಿಯಂ, ಚೆಂಡು ಹೂ ಎಲ್ಲಾ ಯಾರ ಕೈಲಾದ್ರೂ ಬರ್ತದೆ. ಈ ವರ್ಷ ನಿನ್ನ ಆ ನೇರಳೆ ಡೇರೆ ಒಂದು ಗೆಡ್ಡೆ ಕೊಡು. ಅದು ಎದ್ರೆ ನಂಗೂ ಧೈರ್ಯ. ಎದ್ದಿಲ್ಲ ಅಂದ್ರೆ ಬೀಜ ಮುಟ್ಟೋದಿಲ್ಲ ಅಂತ ದೇವರ ಮುಂದೆ ಹೇಳ್ಕೊಂಡಿದ್ದೀನಿ."

ಇಷ್ಟು ಕೇಳಿದಮೇಲೂ ನಾನು ಮಾಡಿದ್ದನ್ನು ಬರೆಯಬೇಕು.

ಡೇರೆ ಬೆಳೆದವರಿಗೆ ಗೊತ್ತಿರುತ್ತದೆ. ಗೆಡ್ಡೆಗಳು ಒಂದು ಗೊಂಚಲಾಗಿ ಇರುತ್ತವೆ, ಗೆಣಸಿನ ಹಾಗೆ. ಆದರೆ ಗೆಣಸಿನಂತೆ ಎಲ್ಲಿ ಬೇಕಾದಲ್ಲಿ ಚಿಗುರುವುದಿಲ್ಲ. ಗೆಡ್ಡೆಯ ಕುತ್ತಿಗೆ ಹಳೆಯ ಕಾಂಡಕ್ಕೆ ಸೇರುವ ಜಾಗದಲ್ಲಿ ಮಾತ್ರ ಕಣ್ಣಿರುತ್ತದೆ, ಸಾಸಿವೆ ಕಾಳಿನಷ್ಟು. ಕಾಂಡದ ಒಂದು ಚೂರು ಸೇರಿಸಿ ಕೊಯ್ದರೆ ಕಣ್ಣು ಬರುತ್ತದೆ. ಬರೀ ಗೆಡ್ಡೆಯನ್ನು ಮುರಿದುಕೊಂಡರೆ ಕಣ್ಣು ಅಲ್ಲೇ ಉಳಿಯುತ್ತದೆ. ಕಣ್ಣಿಲ್ಲದ ಗೆಡ್ಡೆಯನ್ನು ಎಂಥ ಬಂಗಾರದ ಮಣ್ಣಿಗೆ ಹಾಕಿದರೂ ಏಳುವುದಿಲ್ಲ. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಅವರ ಕೆಂಪು ಡೇರೆಯ ಗೆಡ್ಡೆಗಳನ್ನು ಪ್ರತಿ ವರ್ಷ ಬಿಡಿಸಿ ಕೊಡುತ್ತಿದ್ದವಳು ನಾನೇ.

ಮರಳು ತುಂಬಿದ ಬಕೆಟಿನಿಂದ ಗೊಂಚಲು ತೆಗೆದೆ. ಅದರಲ್ಲಿ ಎಲ್ಲಕ್ಕಿಂತ ದಪ್ಪಗಿದ್ದ, ಅಂಗೈ ಉದ್ದದ ಗೆಡ್ಡೆಯನ್ನು ಹಿಡಿದು ಚಟ್ ಎಂದು ಮುರಿದೆ. ಕಣ್ಣು ನನ್ನ ಗೊಂಚಲಲ್ಲೇ ಉಳಿಯಿತು. ಅಕ್ಕನ ಕೈಗೆ ಗೆಡ್ಡೆ ಕೊಟ್ಟೆ.

"ಅಯ್ಯೋ, ಇಷ್ಟು ದೊಡ್ಡದಾ! ಚಿಕ್ಕದು ಕೊಡು ಸಾಕು."

"ಇರ್ಲಿ ಬಿಡಿ ಅಕ್ಕ. ನಿಮಗೆ ಜಾಗ ಇದೆಯಲ್ಲ" ಅಂದೆ.

ಎಷ್ಟು ಸಲೀಸಾಗಿ ಅಂದೆ! ಕಟ್ಟಳೆಯೂ ಮುರಿಯಲಿಲ್ಲ, ಕಣ್ಣೂ ಹೋಗಲಿಲ್ಲ, ನೋಡಿದವರಿಗೆ ನಾನು ದೊಡ್ಡ ಮನಸ್ಸಿನವಳು. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ರಸ್ತೆ ದಾಟುವುದನ್ನು ನೋಡುತ್ತಾ ನಿಂತಾಗ ನನಗೆ ಒಳ್ಳೆಯದೇ ಅನ್ನಿಸಿತು. ಒಂದು ಹೂ ಏಳದಿದ್ದರೆ ಯಾರ ಮನೆ ಮುಳುಗುತ್ತದೆ ಎಂದುಕೊಂಡೆ. ದೇವರ ಮುಂದೆ ಹೇಳಿಕೊಂಡ ಮಾತು ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು, ತಲೆ ಕೊಡವಿಕೊಂಡೆ. ನಾಳೆ ಹೋಗಿ ಬೇರೆ ಗೆಡ್ಡೆ ಕೊಟ್ಟರಾಯಿತು. ಆ ನಾಳೆ ಬರಲಿಲ್ಲ. ಕೊಡಬೇಕಾದರೆ ಯಾಕೆ ಎಂದು ಹೇಳಬೇಕಿತ್ತಲ್ಲ.

ಮೇ ತಿಂಗಳಲ್ಲಿ ಅಕ್ಕನ ಉಳಿದ ಗಿಡಗಳೆಲ್ಲ ಎದ್ದವು. ಆ ಗೆಡ್ಡೆಗೆಂದು ಮೆಟ್ಟಿಲ ಪಕ್ಕ ಬೇರೆ ಪಾತಿ ಮಾಡಿ, ಸುತ್ತ ಬಿಳಿ ಕಲ್ಲು ಇಟ್ಟು, ಆಗಲೇ ಆಸರೆಗೆ ಕೋಲೂ ನೆಟ್ಟಿದ್ದರು. ಬರೀ ಕೋಲು ನಿಂತಿತ್ತು. "ಹದಿನೈದು ದಿನ ಆಯ್ತು", "ಇಪ್ಪತ್ತೈದು ದಿನ ಆಯ್ತು" ಎಂದು ಬಂದು ಹೇಳುತ್ತಿದ್ದರು. "ನಿಂದು ಎದ್ದಿದೆಯಾ?" ಎಂದು ಕೇಳಿದರು. ನನ್ನದು ಮೊಳ ಎತ್ತರವಾಗಿತ್ತು, ಆದರೆ ಎಲೆ ನೋಡಿದರೆ ಯಾವ ಡೇರೆಯೆಂದು ಯಾರಿಗೂ ತಿಳಿಯುವುದಿಲ್ಲ.

"ನಂದೂ ಇಲ್ಲ ಅಕ್ಕ. ಇದು ಕೆಂಪಿಂದು" ಅಂದುಬಿಟ್ಟೆ.

ಸುಳ್ಳು ಹೇಳಿದಮೇಲೆ ಆ ಸುಳ್ಳನ್ನು ಕಾಯಬೇಕಾಯಿತು. ಜುಲೈನಲ್ಲಿ ನನ್ನ ಗಿಡ ಮೊಗ್ಗು ಬಿಟ್ಟಿತು. ಮೊಗ್ಗಿನ ತುದಿಯಲ್ಲಿ ನೇರಳೆ ಇಣುಕಿದ ದಿನ, ನಾಲ್ಕು ಗಂಟೆಗೆ ಮುಂಚೆ ಅದನ್ನು ಚಿವುಟಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಲೆಗೆ ಹಾಕಿದೆ. ಮರುದಿನ ಇನ್ನೆರಡು. ಚಿವುಟಿದಷ್ಟೂ ಕವಲು ಒಡೆದು ಮೊಗ್ಗು ಬಿಡುವ ಜಾತಿ ಅದು. ಇಡೀ ಮಳೆಗಾಲ ದಿನಾ ಬೆಳಿಗ್ಗೆ ಎದ್ದು ನನ್ನ ಗಿಡದ ಮೊಗ್ಗನ್ನು ನಾನೇ ಚಿವುಟಿದೆ. ಒಂದು ವರ್ಷ ಬೆಳೆಸಿ ಕಾದ ಹೂ! ಬೈದುಕೊಳ್ಳುತ್ತಲೇ ಚಿವುಟುತ್ತಿದ್ದೆ. ಯಾರನ್ನು ಬೈಯುತ್ತಿದ್ದೆ ಎಂದು ಕೇಳಬೇಡಿ. ಆ ವರ್ಷ ಒಂದೇ ಒಂದು ಹೂವನ್ನೂ ನಾನು ನೋಡಲಿಲ್ಲ.

ಗಣಪತಿ ಹಬ್ಬ ಕಳೆದು ಮಳೆ ನಿಂತು ಸ್ವಲ್ಪ ಹೊಳವಾದಾಗ ಅಕ್ಕ ಒಂದು ಸಂಜೆ ಬಂದರು. ಕೈಯಲ್ಲಿ ಗೆಡ್ಡೆ. ಅಗೆದು, ತೊಳೆದು ತಂದಿದ್ದರು. ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಕೊಳೆತಿರಲಿಲ್ಲ, ಬತ್ತಿರಲಿಲ್ಲ. ನನ್ನ ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕೂತರು.

"ನೋಡು. ಸಾಯೋದೂ ಇಲ್ಲ, ಹುಟ್ಟೋದೂ ಇಲ್ಲ. ಕೊಳೆತಿದ್ರೆ ಮಳೆ ಜಾಸ್ತಿಯಾಯ್ತು ಅನ್ಬಹುದಿತ್ತು." ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. "ಅತ್ತೆ ಹೇಳಿದ್ದು ಸುಳ್ಳಲ್ಲ ಬಿಡು. ನಂದೇ ಕೈ."

ಈಗ ಹೇಳು, ಈಗ ಹೇಳು ಎಂದು ನನಗೆ ನಾನೇ ಅಂದುಕೊಂಡೆ. ಹೇಳಿದರೆ ಈ ಮೆಟ್ಟಿಲ ಮೇಲೆ ನಾಳೆ ಯಾರು ಕೂರುತ್ತಾರೆ? ಅದೊಂದೇ ಯೋಚನೆ. ನನಗೆ ಬೇರೆ ಯಾರಿದ್ದರು? "ಕಾಫಿ ಮಾಡ್ತೀನಿ ಇರಿ" ಎಂದು ಒಳಗೆ ಹೋಗಿ, ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಂತು ಕಣ್ಣೀರು ಹಾಕಿದೆ. ಹೊರಗೆ ಬರುವಾಗ ಅವರು ಹೊರಟುಹೋಗಿದ್ದರು. ಗೆಡ್ಡೆ ಅಲ್ಲೇ ಇತ್ತು.

ನಾನು ಕಳೆದುಕೊಳ್ಳಬಾರದು ಎಂದು ಬಾಯಿ ಮುಚ್ಚಿಕೊಂಡದ್ದು ಹೇಗೂ ಕಳೆಯಿತು. ಅಕ್ಕ ಬರುವುದು ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು. ನಾನು ಹೋದರೆ ಮಾತಾಡಿಸುತ್ತಿದ್ದರು, ಆದರೆ ಹೂವಿನ ಮಾತಿಲ್ಲ. ಪಾತಿಗಳಲ್ಲಿ ಕಳೆ ಎದ್ದಿತು. "ನೀನಾದ್ರೂ ಕೊಯ್ಕೊಂಡು ಹೋಗು, ನಾನು ಮುಟ್ಟಲ್ಲ" ಅಂದರು. ದೀಪಾವಳಿ ಹೊತ್ತಿಗೆ ಮನೆಮುಂದಿನ ಕುಂಡಗಳನ್ನೆಲ್ಲ ಒಂದೊಂದಾಗಿ ಹೊತ್ತು ತಂದು ನಮ್ಮ ಗೇಟಿನೊಳಗೆ ಇಟ್ಟು, "ನಿನ್ನ ಕೈಲಿ ಬದುಕ್ಲಿ" ಎಂದು ಹೋದರು. ನಾನು ಕೊಟ್ಟ ಮೊದಲ ಜಿರೇನಿಯಂ ಈಗ ಪೊದೆಯಾಗಿತ್ತು. ಸಂಜೆ ನಾಲ್ಕಾದರೆ ನನಗೆ ಮನೆಯೊಳಗೆ ಕೂರಲಾಗುತ್ತಿರಲಿಲ್ಲ, ಹೊರಗೂ ನಿಲ್ಲಲಾಗುತ್ತಿರಲಿಲ್ಲ. ಗಂಡನಿಗೆ ಹೇಳೋಣ ಎಂದು ಒಮ್ಮೆ ಶುರು ಮಾಡಿದೆ. "ಒಂದು ಗೆಡ್ಡೆಗೆ ಇಷ್ಟೆಲ್ಲಾನಾ?" ಎಂದು ಅವರು ಮೊಬೈಲಿಗೆ ತಿರುಗಿದರು.

ಜನವರಿಯಲ್ಲಿ ಒಂದು ಬೆಳಿಗ್ಗೆ, ಅಕ್ಕನ ಓರಗಿತ್ತಿ ನಮ್ಮನೆಗೆ ಹಳೇ ಗೋಣಿಚೀಲ ಕೇಳಲು ಬಂದರು.

"ಇವತ್ತು ಕಾಫಿ ಬೀಜ ಹಾಕ್ತಿದ್ದೀವಿ. ಅಕ್ಕನೇ ಹಾಕ್ಲಿ ಅಂತ ಒಳ್ಳೆ ಮನಸ್ಸಿಂದ ಹೇಳಿದ್ದೆ ಕಣ್ರೀ, ಜಪ್ಪಯ್ಯ ಅಂದ್ರೂ ಒಪ್ತಿಲ್ಲ. ದೇವರ ಹತ್ರ ಏನೋ ಹೇಳ್ಕೊಂಡಿದ್ದಾರಂತೆ. ಹೋಗ್ಲಿ ಬಿಡಿ, ಅವರ ಕೈ ಸಂಗತಿ ನಮಗೂ ಗೊತ್ತಲ್ಲ."

'ಅವರ ಕೈ ಸಂಗತಿ'. ಆ ಮಾತನ್ನು ಓರಗಿತ್ತಿಯ ಬಾಯಿಗೆ ವಾಪಸು ಹಾಕಿದವಳು ನಾನು. ಗೋಣಿಚೀಲ ಕೊಟ್ಟು ಕಳಿಸಿ, ಒಳಗೆ ಹೋಗಿ, ಮರಳಿನ ಬಕೆಟನ್ನು ಬುಡಮೇಲು ಮಾಡಿದೆ. ನೇರಳೆ ಡೇರೆಯ ಗೊಂಚಲು ಆ ವರ್ಷ ಎಂದೂ ಇಲ್ಲದಷ್ಟು ದೊಡ್ಡದಾಗಿತ್ತು. ಹೂ ಬಿಡಲು ಬಿಡದಿದ್ದರೆ ಇನ್ನೇನಾಗುತ್ತದೆ? ಅದನ್ನು ಹಾಗೇ ಇಡಿಯಾಗಿ ಎರಡು ಕೈಯಲ್ಲಿ ಹಿಡಿದು, ಚಪ್ಪಲಿಯನ್ನೂ ಹಾಕದೆ ರಸ್ತೆ ದಾಟಿದೆ.

ಮನೆಯ ಹಿಂದೆ ಮಡಿ ಸಿದ್ಧವಾಗಿತ್ತು. ಕಲ್ಲು ಆರಿಸಿ ಹಸನು ಮಾಡಿದ ಮಣ್ಣು, ಬೆರಳಿನಲ್ಲಿ ಎಳೆದ ಗೆರೆಗಳು, ಪಕ್ಕದಲ್ಲಿ ಮುಚ್ಚಲು ಒಣಹುಲ್ಲು. ಇಬ್ಬರು ಕೆಲಸದ ಹೆಂಗಸರಿದ್ದರು. ಓರಗಿತ್ತಿ ಮೊರದಲ್ಲಿ ಬೀಜ ಹಿಡಿದಿದ್ದರು. ಅಕ್ಕ ದೂರದಲ್ಲಿ ಹಿತ್ತಿಲ ಬಾಗಿಲಿಗೆ ಒರಗಿ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು. ಚಳಿಗೆ ಅಲ್ಲ. ಬಿಸಿಲಿತ್ತು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಕ್ಕನಿಗೊಬ್ಬರಿಗೇ ಮೆಲ್ಲಗೆ ಹೇಳುವ ಆಸೆ ಇತ್ತು, ಆದರೆ ಅಪವಾದ ಎಲ್ಲರ ಬಾಯಲ್ಲೂ ಇತ್ತಲ್ಲ.

"ಅಕ್ಕನ ಕೈಯದ್ದು ತಪ್ಪಲ್ಲ. ನಾನು ಕೊಟ್ಟ ಗೆಡ್ಡೆಗೆ ಕಣ್ಣಿರ್ಲಿಲ್ಲ. ಗೊತ್ತಿದ್ದೇ ಮುರಿದು ಕೊಟ್ಟಿದ್ದು. ಅದು ದೇವರು ನೆಟ್ಟಿದ್ರೂ ಏಳ್ತಿರ್ಲಿಲ್ಲ. ನಂದು ಎದ್ದಿತ್ತು ಅಕ್ಕ, ನೀವು ನೋಡಬಾರ್ದು ಅಂತ ಮೊಗ್ಗೆಲ್ಲಾ ಚಿವುಟ್ಹಾಕಿದೆ."

ಓರಗಿತ್ತಿ "ಅಯ್ಯೋ ಶಿವನೇ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಕೆಲಸದ ಹೆಂಗಸೊಬ್ಬಳು ಕಿಸಕ್ಕೆಂದು ನಕ್ಕಳು. ಅಕ್ಕ ಅಲ್ಲಿಂದಲೇ ಕೇಳಿದರು.

"ಹಂಗಾದ್ರೆ ನನ್ನ ಕೈ ಅಲ್ವಾ?"

"ಅಲ್ಲ ಅಕ್ಕ."

"ಸತ್ಯ ಹೇಳು."

"ಸತ್ಯ. ನಿಮ್ಮ ಕೈ ಅಲ್ಲ. ನಂದು."

ಅವರು ಸೆರಗಿನಿಂದ ಕೈ ಹೊರಗೆ ತೆಗೆದರು. ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಎಲೆ ಬಂತು ಎಂದು ಓಡಿಬಂದ ದಿನದ ಮುಖ ಒಂದು ಕ್ಷಣ ಬಂದು ಹೋಯಿತು. ನನಗಂತೂ ಜೀವ ಬಂದಂತಾಯಿತು. ಅವರು ನೆಟ್ಟಗೆ ಮಡಿಯ ಹತ್ತಿರ ಬಂದು, ಓರಗಿತ್ತಿಯ ಕೈಯಿಂದ ಮೊರ ತೆಗೆದುಕೊಂಡು, ನೆಲದ ಮೇಲೆ ಕೂತರು. ಬೀಜದ ಚಪ್ಪಟೆ ಮೈ ಕೆಳಗೆ ಮಾಡಿ, ಒಂದೊಂದಾಗಿ ಗೆರೆಯಲ್ಲಿ ಇಡತೊಡಗಿದರು. ಯಾರೂ ಕಲಿಸಬೇಕಾಗಲಿಲ್ಲ. ಮೂವತ್ತು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದ್ದರು.

ಒಂದು ಸಾಲು ಮುಗಿಯಿತು. ನಾನು ಗೊಂಚಲು ಹಿಡಿದು ನಿಂತೇ ಇದ್ದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಅತ್ತು ಕರೆದು ರಾಜಿಯಾಗುತ್ತಿದ್ದೆವು. ಎರಡನೇ ಸಾಲು ಮುಗಿಯಿತು. ಅವರು ತಲೆ ಎತ್ತಲಿಲ್ಲ. ಕೊನೆಗೆ ಗೊಂಚಲನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಇಳಿದು ಬಂದೆ. ನನಗೆ ಅಂತ ಒಂದು ಗೆಡ್ಡೆಯನ್ನೂ ಇಟ್ಟುಕೊಳ್ಳಲಿಲ್ಲ.

ಕಾಫಿ ಸಸಿಗಳು ಚೆನ್ನಾಗಿ ಎದ್ದವಂತೆ, ಓರಗಿತ್ತಿ ಬಸ್‌ಸ್ಟಾಪಿನಲ್ಲಿ ಸಿಕ್ಕು ಹೇಳಿದರು. ಮಳೆಗಾಲಕ್ಕೆ ದರೆಯ ತುಂಬ ಮತ್ತೆ ಹೂ ಬಂದವು. ಮೆಟ್ಟಿಲ ಎರಡು ಬದಿಗೂ ನೇರಳೆ ಡೇರೆ, ತುದಿಯಲ್ಲಿ ಬಿಳಿ. ನಾನು ನಮ್ಮ ಗೇಟಿನಿಂದ ನೋಡಿದೆ. ಅಷ್ಟು ಚೆನ್ನಾಗಿ ನನ್ನ ಬಕೆಟಿನಲ್ಲಿ ಅದು ಎಂದೂ ಬಂದಿರಲಿಲ್ಲ. ಹೊಟ್ಟೆ ಉರಿಯಲಿಲ್ಲ. ಹೋಗಿ ಮುಟ್ಟಿ ನೋಡಬೇಕು ಅನ್ನಿಸುತ್ತಿತ್ತು ಅಷ್ಟೇ. ಸಂಜೆ ನಾಲ್ಕಕ್ಕೆ ಅಕ್ಕ ಪಾತಿಯಲ್ಲಿ ಬಗ್ಗಿ ಕಳೆ ಕೀಳುವುದು ಕಾಣುತ್ತಿತ್ತು. ಬಸ್ಸಿಗೆ ಕಾಯುವಾಗ ಎದುರು ಸಿಕ್ಕಿದರೆ ತಲೆ ಆಡಿಸುತ್ತಿದ್ದರು. ನಾನು ಇನ್ನೂ ಎರಡು ಲೋಟ ಕಾಫಿ ಸೋಸಿ, ಒಂದು ಆರಿಹೋದಮೇಲೆ ಹೂವಿನ ಬಕೆಟಿಗೆ ಹೊಯ್ಯುತ್ತಿದ್ದೆ.

ವರ್ಷ ತುಂಬಿ ಮತ್ತೆ ಏಪ್ರಿಲ್ ಮಳೆ ಬಿತ್ತು. ಆಗ ನನಗೆ ಒಂದು ದಾರಿ ಹೊಳೆಯಿತು. ಗೆಡ್ಡೆ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲವಲ್ಲ. ಕೇಳಲು ಹೋದರೆ ಅಕ್ಕ ಮಾತಾಡಲೇಬೇಕು. ಮಾತಾಡಿದರೆ ಏನಾದರೂ ಆಗಬಹುದು. ಒಳ್ಳೆಯ ಸೀರೆ ಉಟ್ಟುಕೊಂಡು ಮೆಟ್ಟಿಲು ಹತ್ತಿ ಹೋದೆ.

"ಅಕ್ಕಾ, ಡೇರೆ ಗೆಡ್ಡೆ ಕೇಳೋಣ ಅಂತ ಬಂದೆ."

"ಕೂತ್ಕೊಳ್ಳಿ" ಅಂದರು. ನನ್ನನ್ನು ನೋಡಿದ ದಿನದಿಂದ ನೀನು, ಮಾರಾಯ್ತಿ ಎಂದು ಬಿಟ್ಟರೆ ಬೇರೆ ಕರೆದವರಲ್ಲ. ನಾನು ಕೂರಲಿಲ್ಲ. ಅವರು ಒಳಗಿಂದ ಮರಳಿನ ಡಬ್ಬಿ, ಚಾಕು ತಂದರು. ಗೊಂಚಲುಗಳನ್ನು ಹೊರಗೆ ತೆಗೆದು, ಅವಸರವಿಲ್ಲದೆ ಒಂದೊಂದನ್ನೂ ನೋಡಿ, ಎಲ್ಲದರಲ್ಲೂ ಚೆನ್ನಾಗಿದ್ದ ಒಂದನ್ನು ಆರಿಸಿದರು. ಕಾಂಡದ ಚೂರು ಸೇರುವಂತೆ ಹುಷಾರಾಗಿ ಕೊಯ್ದರು. ಎಷ್ಟು ಚೆನ್ನಾಗಿ ಕಲಿತಿದ್ದರು! ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಗೆಡ್ಡೆಯ ಕುತ್ತಿಗೆ ನನ್ನ ಕಡೆ ಬರುವಂತೆ ಹಿಡಿದರು.

"ಕಣ್ಣು ನೋಡ್ಕೊಂಡು ತಗೊಳ್ಳಿ."

"ಅಯ್ಯೋ, ಬೇಡ ಅಕ್ಕಾ. ನೀವು ಕೊಟ್ಟಿದ್ದನ್ನ ನಾನು ನೋಡ್ಬೇಕಾ?"

"ನೋಡ್ಕೊಳ್ಳಿ" ಎಂದರು ಮತ್ತೆ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾನು ನೋಡುವ ತನಕ ಕೈ ಚಾಚಿಕೊಂಡೇ ನಿಂತಿದ್ದರು.

ಕನ್ನಡಕ ಹಾಕಿಕೊಂಡು ನೋಡಿದೆ. ಕಣ್ಣಿತ್ತು. ಒಂದಲ್ಲ, ಎರಡಿದ್ದವು.